ಪುಡಿ ಡಬ್ಬಿ ಖಾಲಿಯಾದ ಮೇಲೆ

ನಮ್ಮ ಯಜಮಾನರಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಾಗ, ದಿನಕ್ಕೆ ಎರಡು ಲೋಟ ಪೌಷ್ಟಿಕ ಪುಡಿ ಕದಡಿ ಕೊಡಿ ಎಂದರು ಡಾಕ್ಟರು. ಮೂರು ತಿಂಗಳು ಕಳೆದ ಮೇಲೆ ಒಂದು ದಿನ ಮಂಚದ ಕೆಳಗೆ ಗುಡಿಸಲು ಬಗ್ಗಿದೆ. ಪೊರಕೆ ಮುಂದಕ್ಕೆ ಹೋಗಲೇ ಇಲ್ಲ. ಬರೀ ಖಾಲಿ ಡಬ್ಬಿಗಳು! ಬಿಸಾಡಲು ಮನಸ್ಸು ಬಾರದೆ ಅಲ್ಲಿಗೆ ತಳ್ಳಿದವಳು ನಾನೇ. "ಏನಮ್ಮ, ಅಂಗಡಿ ಇಡ್ತೀಯಾ?" ಎಂದ ಮಗ.

ಅದಕ್ಕೂ ಮೊದಲು ಇನ್ನೊಂದು ತಪ್ಪು ಮಾಡಿದ್ದೆ. ದೊಡ್ಡ ಡಬ್ಬಿ ತಂದರೆ ದುಡ್ಡೂ ಉಳಿಯುತ್ತದೆ, ಕಸವೂ ಕಡಿಮೆ ಎಂದು ಮೊದಲ ಸಲವೇ ಒಂದು ಕೆಜಿಯದ್ದು ತಂದೆ. ಎರಡು ಲೋಟ ಕುಡಿದು, ವೆನಿಲಾ ವಾಸನೆ ಆಗಲ್ಲ ಎಂದು ಅವರು ಮುಖ ತಿರುಗಿಸಿದರು. ಸೀಲ್ ಒಡೆದ ಮೇಲೆ ಇಂತಿಷ್ಟು ದಿನದಲ್ಲಿ ಮುಗಿಸಿ ಎಂದು ಡಬ್ಬಿಯ ಮೇಲೇ ಬರೆದಿರುತ್ತದೆ, ಎಷ್ಟೋ ಪುಡಿಗಳಿಗೆ ಮೂರೇ ವಾರ. ಉಳಿದ ಪುಡಿಯೆಲ್ಲ ಹೆಪ್ಪುಗಟ್ಟಿ ತಿಪ್ಪೆ ಸೇರಿತು. ಆ ಪುಡಿಯ ಹಿಂದೆ ಹಾಲಿದೆ, ಎಣ್ಣೆಯಿದೆ, ಅದನ್ನು ಒಣಗಿಸಿದ ಕರೆಂಟಿದೆ. ಅಷ್ಟನ್ನೂ ಚೆಲ್ಲಿ ಡಬ್ಬಿ ಉಳಿಸಿ ಏನು ಬಂತು, ಅಲ್ವಾ? ಹಾಗಾಗಿ ಮೊದಲು ಸಿಕ್ಕಿದ್ದರಲ್ಲಿ ಚಿಕ್ಕದು ತನ್ನಿ. ಲೋಟಕ್ಕೆ 50 ಗ್ರಾಂ ಹಿಡಿಯುವ ಪುಡಿಯಾದರೆ 400 ಗ್ರಾಂ ಡಬ್ಬಿ ಎಂಟು ಲೋಟಕ್ಕೇ ಮುಗಿಯುತ್ತದೆ. ಬಾಯಿಗೆ ಹಿಡಿಸಿತು, ಹೊಟ್ಟೆಗೆ ಒಗ್ಗಿತು ಅಂದ ಮೇಲೆ ದೊಡ್ಡದಕ್ಕೆ ಹೋಗಿ.

ಆಮೇಲೆ ರೀಫಿಲ್ ಪ್ಯಾಕ್ ತರಬಹುದು. ರಟ್ಟಿನ ಪೆಟ್ಟಿಗೆಯನ್ನು ಗುಜರಿಯವನು ತಗೊಳ್ಳುತ್ತಾನೆ. ಒಳಗಿನ ಬೆಳ್ಳಿ ಬಣ್ಣದ ಪೊಟ್ಟಣವನ್ನು ಮಾತ್ರ ಮುಟ್ಟುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕೂ ಲೋಹದ ಹಾಳೆಯೂ ಅಂಟಿಕೊಂಡಿರುತ್ತವೆ, ಬಿಡಿಸಲು ಬರುವುದಿಲ್ಲ. ಆದರೂ ಡಬ್ಬಿಗಿಂತ ತೂಕ ಎಷ್ಟೋ ಕಡಿಮೆ, ಅದೇ ಸಮಾಧಾನ. ಪುಡಿಯನ್ನು ಹಳೇ ಡಬ್ಬಿಗೆ ಸುರಿಯಬೇಡಿ. ಪೊಟ್ಟಣವನ್ನೇ ಡಬ್ಬಿಯೊಳಗೆ ನಿಲ್ಲಿಸಿ, ಬಾಯಿ ಮಡಚಿ, ಬಟ್ಟೆ ಕ್ಲಿಪ್ ಹಾಕಿ ಮುಚ್ಚಿ. ತಾರೀಖು ಕಣ್ಣೆದುರೇ ಇರುತ್ತದೆ, ಹಳೇ ಪುಡಿ ಹೊಸದಕ್ಕೆ ಬೆರೆಯುವುದಿಲ್ಲ. ಕದಡುವ ಕೆಲಸವಿಲ್ಲದೆ ಹಾಗೇ ಕುಡಿಯುವ 200 ಎಂಎಲ್ ಬಾಟಲಿಗಳನ್ನು ಆಸ್ಪತ್ರೆಗೋ ಪ್ರಯಾಣಕ್ಕೋ ಇಟ್ಟುಕೊಂಡರೆ ಸಾಕು. ಮನೆಯಲ್ಲಿ ದಿನಾ ಅದನ್ನೇ ಕೊಟ್ಟರೆ ಲೋಟಕ್ಕೊಂದು ಬಾಟಲಿ ಕಸ.

ಖಾಲಿ ಡಬ್ಬಿಯನ್ನು ಹಾಗೇ ಇಟ್ಟರೆ ಇರುವೆ, ಆಮೇಲೆ ಜಿರಲೆ. ಈ ಪುಡಿಗೆ ನೀರು ತಾಗಿದರೆ ಗೋಂದಿನ ಹಾಗೆ ಅಂಟುತ್ತದೆ. ಅದಕ್ಕೆ ಮೊದಲು ಹಳೇ ಪೇಪರಿನಿಂದ ಒಣಗಿದ್ದಂತೆಯೇ ಒರೆಸಿ, ಪಾತ್ರೆ ತೊಳೆದ ಕೊನೇ ನೀರಲ್ಲಿ ಅಲ್ಲಾಡಿಸಿ, ಬೋರಲು ಹಾಕಿ. ಹೊಸ ನೀರು ಬೇಕಿಲ್ಲ. ತಗಡೋ ಅಲ್ಲವೋ ಗೊತ್ತಾಗದಿದ್ದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿರುವ ಗೊಂಬೆ ಮ್ಯಾಗ್ನೆಟ್ ಹಿಡಿದು ನೋಡಿ. ಅಂಟಿದರೆ ಕಬ್ಬಿಣದ ತಗಡು, ಎಷ್ಟು ಸಲ ಬೇಕಾದರೂ ಕರಗಿಸಬಹುದು. ಪ್ಲಾಸ್ಟಿಕ್ ಜಾಡಿಯಾದರೆ ತಳದ ತ್ರಿಕೋನದಲ್ಲಿ 1 ಅಥವಾ 2 ಇದ್ದರೆ ಗುಜರಿಯವನು ಖುಷಿಯಿಂದ ತಗೊಳ್ಳುತ್ತಾನೆ. ಕೊಡುವ ಮುಂಚೆ ಲೇಬಲ್ ಹರಿದುಬಿಡಿ. ಹೆಸರಾಂತ ಡಬ್ಬಿಗೆ ಕಂಡದ್ದು ತುಂಬಿ ಮಾರುವವರೂ ಇದ್ದಾರೆ.

ಕೆಲವರು ತಗಡಿನ ಡಬ್ಬಿಗೆ ಉಪ್ಪಿನಕಾಯಿ, ಹುಣಸೆಹಣ್ಣು ಹಾಕಿಡುತ್ತಾರೆ. ಬೇಡ, ಹುಳಿಗೂ ಉಪ್ಪಿಗೂ ತುಕ್ಕು ಹಿಡಿಯುತ್ತದೆ. ಹೂಬತ್ತಿ, ಗುಂಡಿ, ದಾರ ಇಟ್ಟುಕೊಳ್ಳಿ.

ಹಾಗೇ ಕುಡಿಯುವ ಪೇಯ ತುಂಬಿ ಬರುವ ಟೆಟ್ರಾ ಪ್ಯಾಕನ್ನು ಕಾಗದ ಅಂದುಕೊಂಡು ಒಲೆಗೆ ಹಾಕಬೇಡಿ. ಮುಕ್ಕಾಲು ಪಾಲು ಕಾಗದವೇ ಆದರೂ ಒಳಗೆ ಪ್ಲಾಸ್ಟಿಕ್, ಅಲ್ಯುಮಿನಿಯಂ ಇವೆ. ಕತ್ತರಿಸಿ, ತೊಳೆದು, ಚಪ್ಪಟೆ ಮಾಡಿ ಒಣ ಕಸಕ್ಕೆ ಹಾಕಿ. ನಮ್ಮ ಮೈಸೂರಿನಲ್ಲಿ ಕುಂಬಾರಕೊಪ್ಪಲಿನ ಘಟಕದಂಥ ಕಡೆ ಒಣ ಕಸವನ್ನು ಕೈಯಲ್ಲೇ ಬಗೆಬಗೆಯಾಗಿ ವಿಂಗಡಿಸುತ್ತಾರೆ. ತೊಳೆಯದೆ ಹಾಕಿದರೆ ಹುಳಿತ ಹಾಲಿನ ವಾಸನೆ ಅಲ್ಲಿ ವಿಂಗಡಿಸುವ ಹೆಣ್ಣುಮಕ್ಕಳ ಮೂಗಿಗೆ ಹೋಗುತ್ತದೆ, ನಮ್ಮದಕ್ಕಲ್ಲ. 2022ರ ಜುಲೈ 1ರಿಂದ ಪ್ಲಾಸ್ಟಿಕ್ ಸ್ಟ್ರಾ ನಿಷೇಧವಾಗಿ ಈಗ ಕಾಗದದ ಸ್ಟ್ರಾ ಬರುತ್ತದೆ. ನಮ್ಮವರು ನಿಧಾನಕ್ಕೆ ಕುಡಿಯುವಷ್ಟರಲ್ಲಿ ಅದು ಮೆತ್ತಗಾಗುತ್ತಿತ್ತು. ನಾನು ಲೋಟಕ್ಕೆ ಬಗ್ಗಿಸಿ ಚಮಚದಲ್ಲೇ ಕುಡಿಸಿದೆ. ನುಂಗಲು ಕಷ್ಟಪಡುವವರಿಗೆ ಸ್ಟ್ರಾ ಕೊಡಬಹುದೋ ಇಲ್ಲವೋ ಡಾಕ್ಟರನ್ನೇ ಕೇಳಿ. ಮೂಗಿನ ಮೂಲಕ ಆಹಾರ ಕೊಡುವ ಟ್ಯೂಬು, ಸಿರಿಂಜು ಮಾತ್ರ ಒಣ ಕಸಕ್ಕೆ ಸೇರಬಾರದು. ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ, ಬೇರೆ ಕೊಡಿ.

ಇನ್ನು ಸ್ಕೂಪು. ಡಬ್ಬಿಗೊಂದು ಬರುತ್ತಲೇ ಇರುತ್ತದೆ. ಒಂದು ಪುಡಿಯ ಸ್ಕೂಪಿನಲ್ಲಿ ಇನ್ನೊಂದನ್ನು ಅಳೆಯಬೇಡಿ, ಅಳತೆ ತಪ್ಪುತ್ತದೆ. ಡಬ್ಬಿ ಮುಗಿದ ಮೇಲೆ ಬಟ್ಟೆ ಸೋಪಿನ ಪುಡಿಗೆ ಒಂದು, ರಂಗೋಲಿ ಡಬ್ಬಿಗೆ ಒಂದು ಹಾಕಿದೆ. ಉಳಿದವನ್ನು ಮೊಮ್ಮಗಳು ಮರಳಾಟಕ್ಕೆ ಒಯ್ದಳು.