ಹುಲ್ಲುಹಾಸಿಗೆ ರೋಲರ್: ಕೊಳ್ಳುವ ಅಥವಾ ಕಟ್ಟಿಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೆಂಗಳೂರಿನ ಸುತ್ತಲಿನ ರಾಗಿ ಸೀಮೆಯಲ್ಲಿ ಕಣ ಮಾಡುವವರು ಮೊದಲು ನೆಲವನ್ನು ಕೆತ್ತಿ ಕಲ್ಲು ಆಯುತ್ತಿದ್ದರು, ನೀರು ಚಿಮುಕಿಸಿ ಮಣ್ಣು ಹದಕ್ಕೆ ಬರುವವರೆಗೆ ಕಾಯುತ್ತಿದ್ದರು, ಆಮೇಲೆ ಅದರ ಮೇಲೆ ಗುಂಡುಕಲ್ಲು ಉರುಳಿಸಿ, ಕೊನೆಗೆ ಸಗಣಿ ಸಾರಿಸುತ್ತಿದ್ದರು. ಮನೆಯಂಗಳದ ಹುಲ್ಲುಹಾಸನ್ನು ಸಮ ಮಾಡಲು ಹೊರಟವರು ಈ ಕ್ರಮದಲ್ಲಿ ಉರುಳಿಸುವುದೊಂದನ್ನೇ ನೆನಪಿಟ್ಟುಕೊಂಡು, ಕೆತ್ತುವುದನ್ನೂ ಹದ ನೋಡುವುದನ್ನೂ ಬಿಟ್ಟುಬಿಡುವುದರಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ. ಇನ್ನೊಂದು ವ್ಯತ್ಯಾಸವನ್ನೂ ಗಮನಿಸಬೇಕು. ಕಣಕ್ಕೂ ಕ್ರಿಕೆಟ್ ಪಿಚ್‌ಗೂ ಬೇಕಾದದ್ದು ಗಟ್ಟಿ ನೆಲ. ಹುಲ್ಲುಹಾಸಿಗೆ ಮೇಲ್ಮೈ ಮಾತ್ರ ಸಮವಾಗಬೇಕು, ಅದರ ಕೆಳಗಿನ ಮಣ್ಣು ಬೇರಿಗೆ ಗಾಳಿ ಮತ್ತು ನೀರು ಸಿಗುವಷ್ಟು ಸಡಿಲವಾಗಿಯೇ ಉಳಿಯಬೇಕು. ರೋಲರ್‌ನ ತೂಕ, ಅಗಲ, ಬಳಸುವ ಹೊತ್ತು ಎಲ್ಲವೂ ಈ ಒಂದು ಮಾತಿನಿಂದಲೇ ನಿರ್ಧಾರವಾಗುತ್ತವೆ.

ಏರುತಗ್ಗು ಏಕೆ ಆಯಿತು ಎಂಬುದನ್ನು ಮೊದಲು ಪತ್ತೆ ಮಾಡಿ. ನಮ್ಮ ನಗರದ ಅಂಗಳಗಳಲ್ಲಿ ಅಡಿಪಾಯದ ಬದಿಗೆ ತುಂಬಿದ ಮಣ್ಣು ಒಂದೆರಡು ಮಳೆಗಾಲದಲ್ಲಿ ಕುಸಿಯುತ್ತದೆ. ಕಟ್ಟಡದ ಅವಶೇಷ ಹೂತಿದ್ದ ಕಡೆ ಇಟ್ಟಿಗೆ ಚೂರು ಮೇಲೇಳುತ್ತದೆ. ಮಳೆನೀರಿನ ಇಂಗುಗುಂಡಿಯ ಸುತ್ತ ನೆಲ ಇಳಿಯುತ್ತದೆ. ಹೆಗ್ಗಣ ಬಿಲ ತೋಡುತ್ತದೆ. ಇವು ಯಾವುವೂ ರೋಲರ್‌ನಿಂದ ಸರಿಹೋಗುವುದಿಲ್ಲ. ಎರೆಹುಳುಗಳು ಮೇಲಕ್ಕೆ ಹಾಕಿದ ಮಣ್ಣಿನ ಸಣ್ಣ ಗುಪ್ಪೆಗಳು, ಹೊಸದಾಗಿ ಹಾಸಿದ ಮೆಕ್ಸಿಕನ್ ಅಥವಾ ಕೊರಿಯನ್ ಹುಲ್ಲಿನ ತುಂಡುಗಳ ನಡುವಿನ ಅಸಮ ಅಂಚು, ಮಳೆಯಲ್ಲಿ ಓಡಾಡಿದ ಕಾಲಿನ ಗುರುತು, ಇವು ರೋಲರ್‌ನ ನಿಜವಾದ ಕೆಲಸ.

ಅಳೆಯದೆ ಊಹಿಸಬೇಡಿ. ಗಾರೆ ಕೆಲಸದವರ ಬಳಿ ಇರುವ ಆರಡಿಯ ಅಲ್ಯೂಮಿನಿಯಂ ಮಟ್ಟಗೋಲನ್ನು ಹುಲ್ಲಿನ ಮೇಲೆ ಅಡ್ಡಡ್ಡಲಾಗಿಯೂ ಉದ್ದುದ್ದಲಾಗಿಯೂ ಇಟ್ಟು, ಕೋಲಿನ ಕೆಳಗೆ ಕಾಣುವ ಸಂದನ್ನು ಅಳೆದು, ಆ ಜಾಗಗಳಲ್ಲಿ ಸಣ್ಣ ಕಡ್ಡಿ ನೆಡುತ್ತ ಹೋದರೆ ಅರ್ಧ ಗಂಟೆಯಲ್ಲಿ ಇಡೀ ಅಂಗಳದ ನಕ್ಷೆ ಸಿಗುತ್ತದೆ. ಅರ್ಧ ಅಂಗುಲದ ಒಳಗಿನ ಉಬ್ಬನ್ನು ರೋಲರ್ ಅದುಮುತ್ತದೆ. ಅದಕ್ಕಿಂತ ಎತ್ತರದ ಉಬ್ಬಿನ ಮೇಲೆ ಹುಲ್ಲನ್ನು ಕತ್ತಿಯಿಂದ ಕೂಡುವ ಗುರುತಿನ (+) ಆಕಾರದಲ್ಲಿ ಸೀಳಿ, ಬೇರಿನ ಸಮೇತ ಚಾಪೆಯಂತೆ ಮಡಚಿ, ಕೆಳಗಿನ ಮಣ್ಣನ್ನು ತೆಗೆದು, ಮತ್ತೆ ಹೊದಿಸಬೇಕು. ತಗ್ಗಿದ್ದರೆ ಕೆಮ್ಮಣ್ಣು, ಮರಳು, ಚೆನ್ನಾಗಿ ಕೊಳೆತ ಗೊಬ್ಬರವನ್ನು ಜರಡಿ ಹಿಡಿದು ಸಮನಾಗಿ ಬೆರೆಸಿ, ಒಂದು ಸಲಕ್ಕೆ ಅರ್ಧ ಅಂಗುಲ ಮಾತ್ರ ಹರಡಿ, ಹುಲ್ಲು ಅದನ್ನು ದಾಟಿ ಮೇಲೆ ಬಂದ ನಂತರ ಮುಂದಿನ ಪದರ ಹಾಕಬೇಕು. ರೋಲರ್ ತಗ್ಗನ್ನು ಎತ್ತಲಾರದು ಎಂಬುದನ್ನು ಮರೆತು ಸುತ್ತಲ ನೆಲವನ್ನೇ ತಗ್ಗಿನ ಮಟ್ಟಕ್ಕೆ ಅದುಮಲು ಹೋಗುವುದು ನಾನು ಕಂಡಿರುವ ಅತಿ ಸಾಮಾನ್ಯ ತಪ್ಪು.

ತೂಕದ ವಿಷಯದಲ್ಲಿ ಒಟ್ಟು ಕಿಲೋಗಿಂತ ಅಗಲದ ಪ್ರತಿ ಸೆಂಟಿಮೀಟರಿಗೆ ಬೀಳುವ ಭಾರ ಮುಖ್ಯ. ಅರವತ್ತು ಸೆಂಟಿಮೀಟರ್ ಅಗಲದ 100 ಕೆಜಿ ರೋಲರ್ ಪ್ರತಿ ಸೆಂಟಿಮೀಟರಿಗೆ ಸುಮಾರು 1.7 ಕೆಜಿ ಒತ್ತುತ್ತದೆ. ಮನೆಯ ಹುಲ್ಲಿಗೆ ಇದೇ ಮೇಲಿನ ಮಿತಿ ಎಂದು ನಾನು ಇಟ್ಟುಕೊಂಡಿದ್ದೇನೆ. ಹೊಸದಾಗಿ ಹಾಸಿದ ಹುಲ್ಲಿಗೆ 1 ಕೆಜಿಯ ಆಸುಪಾಸು ಸಾಕು. ಹಳೆಯ 200 ಲೀಟರ್ ಡ್ರಮ್ಮಿಗೆ ಅಚ್ಚು (ಉರುಳೆ ತಿರುಗಲು ನಡುವೆ ಹಾಯುವ ಸರಳು) ತೂರಿಸಿ ನೀರು ತುಂಬುವ ಉಪಾಯವನ್ನು ಅನೇಕರು ಹೇಳುತ್ತಾರೆ. ತುಂಬಿದಾಗ ಅದು 220 ಕೆಜಿಯಷ್ಟಾಗುತ್ತದೆ, 88 ಸೆಂಟಿಮೀಟರ್ ಉದ್ದಕ್ಕೆ ಹಂಚಿದರೂ ಪ್ರತಿ ಸೆಂಟಿಮೀಟರಿಗೆ 2.5 ಕೆಜಿ. ಅರ್ಧ ತುಂಬಿದರೆ ಒಳಗಿನ ನೀರು ತುಳುಕಿ ಇಳಿಜಾರಿನಲ್ಲಿ ಎಳೆಯುವವರನ್ನೇ ಮುಂದಕ್ಕೆ ತಳ್ಳುತ್ತದೆ. ಆದ್ದರಿಂದ ಚಿಕ್ಕ ಅಂಗಳಕ್ಕೆ ಡ್ರಮ್ಮು ಬೇಡ.

ಕೊಳ್ಳುವುದಾದರೆ ನೀರು ತುಂಬಿಸುವ ಮಾದರಿ ಒಳ್ಳೆಯದು, ಏಕೆಂದರೆ ಕೆಲಸ ಮುಗಿದ ಮೇಲೆ ಖಾಲಿ ಮಾಡಿ ಒಬ್ಬರೇ ಎತ್ತಿಡಬಹುದು. ಉಕ್ಕಿನದಾದರೆ ಒಳಗೆ ತುಕ್ಕು ಹಿಡಿಯದಂತೆ ಪ್ರತಿ ಸಲವೂ ಒಣಗಿಸಬೇಕಾಗುತ್ತದೆ. ದಪ್ಪ ಪ್ಲಾಸ್ಟಿಕ್‌ನದಾದರೆ ಬಿಸಿಲಿನಲ್ಲಿ ಬಿಡಬಾರದು. ಅಂಗಡಿಯಲ್ಲಿ ಮೂರು ಸಂಗತಿ ನೋಡಿ: ಉರುಳೆಯ ಅಂಚು ಹುಲ್ಲನ್ನು ಕತ್ತರಿಸದಂತೆ ದುಂಡಗಿರಬೇಕು, ಅಂಟಿದ ಮಣ್ಣನ್ನು ಕೆರೆಯುವ ಪಟ್ಟಿ ಇರಬೇಕು, ಮತ್ತು ಉರುಳೆ ಎರಡು ತುಂಡಾಗಿದ್ದರೆ ತಿರುವಿನಲ್ಲಿ ಹುಲ್ಲು ಕೀಳುವುದಿಲ್ಲ. ಅಗಲ ನಿಮ್ಮ ಗೇಟಿಗಿಂತ ಮತ್ತು ಮನೆಯ ಪಕ್ಕದ ಓಣಿಗಿಂತ ಕಡಿಮೆ ಇದೆಯೇ ಎಂದು ಅಳೆದೇ ಹೋಗಿ. 30×40 ನಿವೇಶನದಲ್ಲಿ ಹಿತ್ತಲಿಗೆ ಹೋಗುವ ದಾರಿ ಮೂರಡಿ ಇರುವುದೂ ಅಪರೂಪ. ವರ್ಷಕ್ಕೆ ಒಂದೆರಡು ಸಲ ಮಾತ್ರ ಬೇಕಾಗುವ ಸಾಮಾನು ಇದಾದ್ದರಿಂದ ನಾಲ್ಕು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳುವುದು ನನಗೆ ಸರಿ ಎನಿಸುತ್ತದೆ. ಹಳ್ಳಿಯಲ್ಲಿ ಹಳೆಯ ಗುಂಡುಕಲ್ಲು ಸಿಕ್ಕಿದರೆ ಅದೂ ಆದೀತು, ಆದರೆ ಕಣದಲ್ಲಿ ಸುತ್ತು ತಿರುಗಲೆಂದು ಕೆಲವು ಕಲ್ಲುಗಳ ಒಂದು ತುದಿಯನ್ನು ಸಣ್ಣದಾಗಿ ಕಡೆದಿರುತ್ತಾರೆ. ಅಂಥದ್ದು ನೇರ ಹೋಗುವುದಿಲ್ಲ.

ಮನೆಯಲ್ಲೇ ಕಟ್ಟಿಕೊಳ್ಳುವವರಿಗೆ ಕಾಂಕ್ರೀಟ್ ತುಂಬಿದ ಪಿವಿಸಿ ಪೈಪೇ ನನ್ನ ಸಲಹೆ. ಒಳವ್ಯಾಸ 30 ಸೆಂಟಿಮೀಟರ್ ಇರುವ ಪೈಪಿನ 60 ಸೆಂಟಿಮೀಟರ್ ತುಂಡಿಗೆ ಸುಮಾರು 100 ಕೆಜಿ ಕಾಂಕ್ರೀಟ್ ಹಿಡಿಯುತ್ತದೆ. ಒಳವ್ಯಾಸ 24 ಸೆಂಟಿಮೀಟರ್ ಆದರೆ 65 ಕೆಜಿ. ಉದ್ದವನ್ನು ಕಡಿಮೆ ಮಾಡಿದರೆ ಎಳೆಯುವುದು ಹಗುರವಾಗುತ್ತದೆಯೇ ಹೊರತು ನೆಲದ ಮೇಲಿನ ಒತ್ತಡ ಅಷ್ಟೇ ಇರುತ್ತದೆ, ಹೀಗಾಗಿ ಒತ್ತಡವನ್ನು ಇಳಿಸಬೇಕಾದರೆ ವ್ಯಾಸವನ್ನೇ ಇಳಿಸಬೇಕು. ಪೈಪನ್ನು ಎರಡೂ ಕಡೆ ಲಂಬವಾಗಿ ಕತ್ತರಿಸಿಕೊಡಲು ಅಂಗಡಿಯವರಿಗೇ ಹೇಳಿ. ಅಚ್ಚಿಗೆ 25 ಎಂಎಂ ದಪ್ಪ, 80 ಸೆಂಟಿಮೀಟರ್ ಉದ್ದದ ಕಬ್ಬಿಣದ ಸರಳು ಬೇಕು. ಅದರ ನಡುಭಾಗಕ್ಕೆ ನಾಲ್ಕು ಸಣ್ಣ ಕಂಬಿ ತುಂಡುಗಳನ್ನು ಅಡ್ಡಲಾಗಿ ಬೆಸುಗೆ ಹಾಕಿಸಲೇಬೇಕು, ಇಲ್ಲವಾದರೆ ಕೆಲವೇ ದಿನಗಳಲ್ಲಿ ಸರಳು ಕಾಂಕ್ರೀಟಿನೊಳಗೆ ಸಡಿಲವಾಗಿ ತಿರುಗತೊಡಗುತ್ತದೆ. ಅದೇ ರೀತಿ ಪೈಪಿನ ಗೋಡೆಗೆ ಹೊರಗಿನಿಂದ ಎಂಟು ಸ್ಕ್ರೂಗಳನ್ನು ತಲೆ ಒಳಗೆ ಹುದುಗುವಂತೆ ಬಿಗಿದರೆ ಕಾಂಕ್ರೀಟು ನುಣುಪಾದ ಪ್ಲಾಸ್ಟಿಕ್ಕಿನಿಂದ ಕಳಚಿಕೊಳ್ಳುವುದಿಲ್ಲ.

ಪ್ಲೈವುಡ್ ಹಲಗೆಯ ನಟ್ಟನಡುವೆ ಸರಳು ತೂರುವಷ್ಟು ರಂಧ್ರ ಕೊರೆದು, ಹಲಗೆಯನ್ನು ಸರಳಿನ ತುದಿ 10 ಸೆಂಟಿಮೀಟರ್ ಕೆಳಗೆ ಇಳಿಯುವಂತೆ ಇಟ್ಟಿಗೆಗಳ ಮೇಲೆ ಇಟ್ಟು, ಅದರ ಮೇಲೆ ಪೈಪನ್ನು ನಿಲ್ಲಿಸಿ, ಬುಡದ ಸಂದನ್ನು ಮುಚ್ಚಿ. ಮೇಲ್ಗಡೆಯೂ ನಡುವೆ ರಂಧ್ರವಿರುವ ಅಡ್ಡಪಟ್ಟಿಯಿಂದ ಸರಳನ್ನು ಹಿಡಿಸಿ, ರಸಮಟ್ಟವನ್ನು (ಸ್ಪಿರಿಟ್ ಲೆವೆಲ್) ಎರಡು ಬದಿಯಿಂದ ಹಿಡಿದು ಅದು ನೆಟ್ಟಗಿರುವುದನ್ನು ನೋಡಿಕೊಳ್ಳಿ. ಇಡೀ ಕೆಲಸದಲ್ಲಿ ಆತುರ ಪಡಲೇಬಾರದ ಹಂತ ಇದು: ಅಚ್ಚು ಒಂದು ಸೆಂಟಿಮೀಟರ್ ವಾಲಿದರೂ ರೋಲರ್ ಪ್ರತಿ ಸುತ್ತಿನಲ್ಲೂ ಎತ್ತಿ ಹಾಕುತ್ತ ನೆಲದಲ್ಲಿ ಹೊಸ ಅಲೆಗಳನ್ನು ಮೂಡಿಸುತ್ತದೆ. ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್, ನಾಲ್ಕು ಪಾಲು 12 ಎಂಎಂ ಜಲ್ಲಿಯನ್ನು ಗಟ್ಟಿಯಾಗಿ ಕಲಸಿ, ನಾಲ್ಕೈದು ಪದರವಾಗಿ ಸುರಿದು, ಪ್ರತಿ ಪದರವನ್ನೂ ಕಂಬಿಯಿಂದ ಕುಟ್ಟಿ ಗಾಳಿ ಬಿಡಿಸಿ. ದೊಡ್ಡ ಪೈಪಿಗೆ ಸುಮಾರು 14 ಕೆಜಿ ಸಿಮೆಂಟ್ ಸಾಕು. ಏಳು ದಿನ ಒದ್ದೆ ಗೋಣಿಚೀಲ ಹೊದಿಸಿ, ಆಮೇಲೆ ಮಲಗಿಸಿ, 28 ದಿನ ತುಂಬಿದ ನಂತರ ಬಳಕೆಗೆ ತನ್ನಿ.

ಹಿಡಿಕೆಗೆ ಹತ್ತಿರದ ವೆಲ್ಡಿಂಗ್ ಅಂಗಡಿಯಲ್ಲಿ ಚೌಕ ಟ್ಯೂಬಿನ ಚೌಕಟ್ಟು ಮಾಡಿಸಿ. 25 ಎಂಎಂ ಅಚ್ಚಿಗೆ ಯುಸಿಪಿ 205 ಎಂಬ ಬೇರಿಂಗ್ ಬ್ಲಾಕ್ ಸರಿಹೊಂದುತ್ತದೆ. ಹಿಡಿಕೆ ನಾಲ್ಕಡಿಗಿಂತ ಗಿಡ್ಡವಾಗಿದ್ದರೆ ಎಳೆಯುವಾಗ ಉರುಳೆ ಹಿಮ್ಮಡಿಗೆ ತಾಗುತ್ತದೆ.

ಇನ್ನು ಉರುಳಿಸುವ ಹೊತ್ತು. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಜೇಡಿಯ ಅಂಶ ಇರುವುದರಿಂದ ಬೇಸಿಗೆಯಲ್ಲಿ ಅದು ಇಟ್ಟಿಗೆಯಂತಾಗಿ ರೋಲರ್‌ಗೆ ಮಣಿಯುವುದಿಲ್ಲ, ಸೆಪ್ಟೆಂಬರ್‌ನ ಜಡಿಮಳೆಯಲ್ಲಿ ನೆನೆದಿರುವಾಗ ಉರುಳಿಸಿದರೆ ಒಳಗಿನ ಗಾಳಿಯ ಸಂದುಗಳೆಲ್ಲ ಮುಚ್ಚಿಹೋಗಿ ನೀರು ಇಂಗದೆ ನಿಲ್ಲುತ್ತದೆ. ಮೇ ಕೊನೆಯ ಅಥವಾ ಜೂನ್ ಮೊದಲ ಮಳೆ ಬಿದ್ದು ಒಂದೆರಡು ದಿನ ಬಿಸಿಲು ಕಾದ ಹೊತ್ತು ಅತ್ಯುತ್ತಮ; ಆಗ ಹುಲ್ಲೂ ಚಿಗುರುತ್ತಿರುತ್ತದೆ, ತುಳಿತದಿಂದ ಬೇಗ ಚೇತರಿಸಿಕೊಳ್ಳುತ್ತದೆ. ನಾಲ್ಕು ಅಂಗುಲ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮಿ: ಉಂಡೆ ಕಟ್ಟಿ, ಬೆರಳಿನಿಂದ ಮುಟ್ಟಿದೊಡನೆ ಒಡೆದರೆ ಹದ ಸರಿ. ಉಂಡೆ ಕಟ್ಟದಿದ್ದರೆ ಹಿಂದಿನ ಸಂಜೆ ನೀರು ಹಾಕಬೇಕು, ಬೆರಳಿಗೆ ಕೆಸರು ಮೆತ್ತಿದರೆ ಕಾಯಬೇಕು. ನೀರು ಹಾಕುವಾಗ ಕೊಳಾಯಿಯ ಕುಡಿಯುವ ನೀರನ್ನು ಬಳಸಬೇಡಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ತೋಟಕ್ಕೆ ಅದನ್ನು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಮಳೆನೀರಿನ ತೊಟ್ಟಿಯದೋ ಅಪಾರ್ಟ್‌ಮೆಂಟಿನ ಸಂಸ್ಕರಿತ ನೀರೋ ಸಾಕು.

ಹುಲ್ಲನ್ನು ಕತ್ತರಿಸಿ, ಕಲ್ಲು ಕಡ್ಡಿ ಆಯ್ದು, ರೋಲರನ್ನು ತಳ್ಳದೆ ಎಳೆಯಿರಿ. ಎಳೆದರೆ ನಿಮ್ಮ ಹೆಜ್ಜೆಯ ಗುರುತನ್ನು ಹಿಂದೆ ಬರುವ ಉರುಳೆಯೇ ಅಳಿಸುತ್ತದೆ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ, ಪ್ರತಿ ಸಾಲೂ ಹಿಂದಿನ ಸಾಲಿನ ಮೇಲೆ ಒಂದು ಗೇಣಷ್ಟು ಹಾಯುವಂತೆ ನಿಧಾನವಾಗಿ ಸಾಗಿದರೆ ಸಾಕು, ಮೂರನೆಯ ಸುತ್ತು ಬೇಡ. ಸಂಪಿನ ಮುಚ್ಚಳ, ಒಳಚರಂಡಿಯ ಚೇಂಬರ್, ಇಂಗುಗುಂಡಿ ಇವುಗಳ ಮೇಲೆ ಎಂದಿಗೂ ಹಾಯಿಸಬೇಡಿ. ಇಳಿಜಾರಿದ್ದರೆ ಇಬ್ಬರು ಇರಿ, ಮಕ್ಕಳನ್ನು ದೂರವಿಡಿ.

ಎರಡು ವಾರ ಕಳೆದ ಮೇಲೆ ಗಾರ್ಡನ್ ಫೋರ್ಕನ್ನು ಗೇಣಿಗೊಂದರಂತೆ ನಾಲ್ಕು ಅಂಗುಲ ಆಳಕ್ಕೆ ಚುಚ್ಚಿ ತುಸು ಅಲುಗಿಸಿ ತೆಗೆಯಿರಿ, ಆ ತೂತುಗಳಿಗೆ ಮರಳುಮಿಶ್ರಿತ ಮಣ್ಣನ್ನು ಪೊರಕೆಯಿಂದ ಗುಡಿಸಿ ತುಂಬಿಸಿ. ಮುಂದಿನ ಮಳೆಯ ಮರುದಿನ ಹೋಗಿ ನೋಡಿದಾಗ ಎಲ್ಲಾದರೂ ನೀರು ನಿಂತಿದ್ದರೆ ಅಲ್ಲಿಗೆ ಮತ್ತೆ ರೋಲರ್ ತರದೆ ಅರ್ಧ ಅಂಗುಲ ಮಣ್ಣು ಹಾಕಿ. ಕಾಂಕ್ರೀಟ್ ರೋಲರನ್ನು ಗೋಡೆ ಬದಿಯ ನೆರಳಿನಲ್ಲಿ, ಸಮನೆಲದ ಮೇಲೆ, ಎರಡೂ ಕಡೆ ಮರದ ಬೆಣೆ ಕೊಟ್ಟು ನಿಲ್ಲಿಸಿ, ಬೇರಿಂಗಿಗೆ ಗ್ರೀಸ್ ಹಚ್ಚಿಡಿ.