ನೀಗಾತಾದ ಹಿಮಗಾಲಕ್ಕೆ ಬಾಡಿಗೆ ಮನೆ ಸಜ್ಜು ಮಾಡುವುದು: ನನ್ನ ಅನುಭವ

ಜಪಾನಿನ ನೀಗಾತಾ ಪ್ರಾಂತದ ನಾಗಾವೊಕಾದಲ್ಲಿ ನೆಲದ ಮೇಲೆ ಹಿಮ ನಿಲ್ಲಲು ಶುರುವಾಗುವುದು ಸಾಮಾನ್ಯವಾಗಿ ಡಿಸೆಂಬರ್ ನಡುವಿನಲ್ಲಿ. ನಾನು ಮನೆಯ ತಯಾರಿಯನ್ನೆಲ್ಲ ನವೆಂಬರ್ ಕೊನೆಯೊಳಗೆ ಮುಗಿಸಿಬಿಡುತ್ತೇನೆ. ಮೊದಲ ದೊಡ್ಡ ಹಿಮ ಬಿದ್ದ ಮರುದಿನ ಟೈರ್ ಅಂಗಡಿಯ ಮುಂದೆ ಉದ್ದದ ಸಾಲು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಲಿಕೆ ಖಾಲಿ. ನಾಗಾವೊಕಾ ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೋ, ಮಿನಾಮಿ-ಉವೊನುಮಾದ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯಕ್ಕೋ, ಸುತ್ತಮುತ್ತಲಿನ ಕಾರ್ಖಾನೆಗಳಿಗೋ ಬಂದು ಹೊರಗೆ ಮನೆ ಹಿಡಿಯುವ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಲ್ಲಿನ ಹಿಮದ ಗುಣ ತಿಳಿದಿರಲಿ. ಸೈಬೀರಿಯಾದಿಂದ ಬೀಸುವ ಒಣ ಗಾಳಿ ಜಪಾನ್ ಸಮುದ್ರದ ಬೆಚ್ಚಗಿನ ನೀರಿನ ಮೇಲೆ ಹಾಯುವಾಗ ತೇವ ಹೀರಿಕೊಂಡು, ಎಚಿಗೊ ಬೆಟ್ಟಗಳಿಗೆ ತಾಗಿ ಎಲ್ಲವನ್ನೂ ಈ ಬದಿಗೇ ಸುರಿಸುತ್ತದೆ. ನಾಗಾವೊಕಾದ ಚಳಿ ಬಹಳ ದಿನ ಸೊನ್ನೆ ಡಿಗ್ರಿಯ ಆಚೀಚೆಯೇ ಆಡುತ್ತಿರುತ್ತದೆ, ಹಾಗಾಗಿ ಹಿಮ ಒದ್ದೆ, ಭಾರ. ಹೊಕ್ಕೈಡೊದ ಮನೆಗಳಂತೆ ಇಲ್ಲಿನ ಹಳೆಯ ಮರದ ಬಾಡಿಗೆ ಮನೆಗಳಿಗೆ ದಪ್ಪ ಶಾಖನಿರೋಧಕ ಇರುವುದಿಲ್ಲ. ಇಡೀ ಮನೆ ಬೆಚ್ಚಗಿಡುವ ಆಸೆ ಬಿಟ್ಟು, ಇರುವ ಕೋಣೆಯನ್ನಷ್ಟೇ ಬೆಚ್ಚಗಿಟ್ಟುಕೊಳ್ಳುವುದು ಊರಿನವರ ಪದ್ಧತಿ. ನಾನೂ ಅದನ್ನೇ ಅನುಸರಿಸುತ್ತೇನೆ.

ಕೋಣೆ ಬೆಚ್ಚಗಿಡಲು ಸೀಮೆಎಣ್ಣೆಯ ಫ್ಯಾನ್ ಹೀಟರ್‌ನಷ್ಟು ಕೈಗೆಟುಕುವ ಉಪಾಯ ಇನ್ನೊಂದಿಲ್ಲ. 1 ಲೀಟರ್ ಸೀಮೆಎಣ್ಣೆಯಲ್ಲಿ ಸುಮಾರು 10 ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ. 3.2 ಕಿಲೋವ್ಯಾಟ್‌ನ ಹೀಟರ್ ಪೂರ್ತಿ ಉರಿದರೆ ಗಂಟೆಗೆ 0.3 ಲೀಟರ್ ಕುಡಿಯುತ್ತದೆ. 5 ಲೀಟರ್ ತೊಟ್ಟಿ ತುಂಬಿಸಿದರೆ ಹದಿನಾರು ಗಂಟೆ. ಎಣ್ಣೆ ತರಲು 18 ಲೀಟರ್‌ನ ಪ್ಲಾಸ್ಟಿಕ್ ಕ್ಯಾನ್ ಬಳಸುತ್ತಾರೆ. ತುಂಬಿದ ಕ್ಯಾನಿನಲ್ಲಿ ಎಣ್ಣೆಯ ತೂಕವೇ 14 ಕಿಲೋ ದಾಟುತ್ತದೆ, ಮಹಡಿ ಮನೆಯವರು ಇದನ್ನು ನೆನಪಿಟ್ಟುಕೊಂಡೇ ಕ್ಯಾನ್ ಕೊಳ್ಳಲಿ. 10 ಲೀಟರ್‌ನದೂ ಸಿಗುತ್ತದೆ.

ಪೆಟ್ರೋಲ್ ಬಂಕಿನಲ್ಲಿ ಒಂದು ಕಡೆ ತೀರಾ ಎಚ್ಚರ ಬೇಕು. ಪೂರ್ವ ಜಪಾನಿನಲ್ಲಿ ಸೀಮೆಎಣ್ಣೆ ಕ್ಯಾನ್ ಕೆಂಪು ಬಣ್ಣದ್ದು. ಆದರೆ ಬಂಕಿನಲ್ಲಿ ಕೆಂಪು ನಳಿಕೆ ಎಂದರೆ ಸಾದಾ ಪೆಟ್ರೋಲ್, ಹಳದಿ ಎಂದರೆ ಹೈ-ಆಕ್ಟೇನ್, ಹಸಿರು ಎಂದರೆ ಡೀಸೆಲ್. ಸೀಮೆಎಣ್ಣೆಯದು ನೀಲಿ, ಬಹುತೇಕ ಬಂಕುಗಳಲ್ಲಿ ಒಂದು ಮೂಲೆಯಲ್ಲಿ ಬೇರೆಯೇ ಪಂಪು ಇರುತ್ತದೆ. ಕೆಂಪು ಕ್ಯಾನಿಗೆ ಕೆಂಪು ನಳಿಕೆ ಎಂದು ಕೈ ಹೋದರೆ ಅನಾಹುತವೇ ಸರಿ: ಹೀಟರಿಗೆ ಪೆಟ್ರೋಲ್ ಬಿದ್ದರೆ ಬೆಂಕಿ ಹತೋಟಿ ತಪ್ಪುತ್ತದೆ. ಪ್ಲಾಸ್ಟಿಕ್ ಕ್ಯಾನಿನಲ್ಲಿ ಪೆಟ್ರೋಲ್ ಒಯ್ಯುವುದು ಕಾನೂನಿಗೂ ವಿರುದ್ಧ. ‘ತೋಯು’ ಎಂದು ಬರೆದಿರುವ ಎರಡು ಅಕ್ಷರಗಳನ್ನು ಫೋನಿನಲ್ಲಿ ಚಿತ್ರವಾಗಿ ಇಟ್ಟುಕೊಂಡು ಹೋಲಿಸಿ ನೋಡಿ, ನಾಚಿಕೆ ಬೇಡ. ಕ್ಯಾನಿಗೆ ಎರಡು ಮುಚ್ಚಳ: ದೊಡ್ಡದು ಮತ್ತು ಗಾಳಿಯಾಡಲು ಸಣ್ಣದು. ಎರಡನ್ನೂ ಬಿಗಿ ಮಾಡಿ, ಒಳಗಿನ ರಬ್ಬರ್ ವಾಷರ್ ಇದೆಯೇ ನೋಡಿ. ಕಾರಿನೊಳಗೆ ಸೀಮೆಎಣ್ಣೆ ಚೆಲ್ಲಿದರೆ ಆ ವಾಸನೆ ತಿಂಗಳುಗಟ್ಟಲೆ ಹೋಗದು. ಕಾರಿಲ್ಲದವರು ಹಾಡು ಹಾಕಿಕೊಂಡು ಬೀದಿ ಸುತ್ತುವ ಸೀಮೆಎಣ್ಣೆ ಗಾಡಿಯನ್ನು ನಿಲ್ಲಿಸಿ ಮನೆ ಬಾಗಿಲಲ್ಲೇ ತುಂಬಿಸಿಕೊಳ್ಳಬಹುದು. ಬೆಲೆ ತುಸು ಹೆಚ್ಚು.

ಕಳೆದ ವರ್ಷದ ಎಣ್ಣೆಯನ್ನು ಈ ವರ್ಷ ಹಾಕಬಾರದು. ಬಿಸಿಲು, ಬೇಸಿಗೆಯ ಸೆಕೆ ತಾಗಿದ ಸೀಮೆಎಣ್ಣೆ ತಿಳಿ ಹಳದಿಗೆ ತಿರುಗಿ ಹುಳಿ ವಾಸನೆ ಬರುತ್ತದೆ. ಅದನ್ನು ಉರಿಸಿದರೆ ಬರ್ನರಿನಲ್ಲಿ ಟಾರು ಕಟ್ಟುತ್ತದೆ, ಹೀಟರ್ ಹೊತ್ತಿಕೊಳ್ಳದೆ ಪರದೆಯ ಮೇಲೆ ದೋಷದ ಸಂಖ್ಯೆ ತೋರಿಸಿ ನಿಲ್ಲುತ್ತದೆ. ಬಿಳಿ ಲೋಟಕ್ಕೆ ಸ್ವಲ್ಪ ಹುಯ್ದು ನೋಡಿದರೆ ಬಣ್ಣ ತಕ್ಷಣ ಗೊತ್ತಾಗುತ್ತದೆ. ದೋಷದ ಇನ್ನೊಂದು ಕಾರಣ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ: ಸಿಲಿಕೋನ್ ಇರುವ ಹೇರ್ ಸ್ಪ್ರೇ, ಕೂದಲಿಗೆ ಹಚ್ಚುವ ಸೀರಮ್. ಗಾಳಿಯಲ್ಲಿ ತೇಲುವ ಸಿಲಿಕೋನ್ ಉರಿಯಲ್ಲಿ ಸುಟ್ಟು, ಜ್ವಾಲೆಯನ್ನು ಗುರುತಿಸುವ ಕಡ್ಡಿಯ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಆಮೇಲೆ ಉರಿ ಚೆನ್ನಾಗಿದ್ದರೂ ಯಂತ್ರಕ್ಕೆ ಅದು ಕಾಣದು, ಆರಿಸಿಬಿಡುತ್ತದೆ. ಹೀಟರ್ ಇರುವ ಕೋಣೆಯಲ್ಲಿ ಅವನ್ನು ಬಳಸದಿರುವುದೇ ಪರಿಹಾರ.

ಗಂಟೆಗೆ ಒಂದೆರಡು ಸಲ ಕಿಟಕಿ ತೆರೆದು ಒಂದೆರಡು ನಿಮಿಷ ಗಾಳಿಯಾಡಿಸಲೇಬೇಕು. ಇಂಗಾಲದ ಮಾನಾಕ್ಸೈಡಿನ ಭಯವಂತೂ ಇದ್ದೇ ಇದೆ. ಅದರ ಜೊತೆಗೆ, 1 ಲೀಟರ್ ಸೀಮೆಎಣ್ಣೆ ಉರಿದರೆ 1 ಲೀಟರಿಗೂ ತುಸು ಹೆಚ್ಚು ನೀರು ಹಬೆಯಾಗಿ ಕೋಣೆಗೆ ಸೇರುತ್ತದೆ. ಬೆಳಿಗ್ಗೆ ಕಿಟಕಿಯ ಗಾಜಿನಿಂದ ನೀರು ಇಳಿಯುವುದು, ಬೀರುವಿನ ಹಿಂದೆ ಬೂಷ್ಟು ಹಿಡಿಯುವುದು ಇದರಿಂದಲೇ. ನಾನು ಬೀರು, ಹಾಸಿಗೆಯನ್ನು ಹೊರಗೋಡೆಯಿಂದ ಒಂದು ಗೇಣು ದೂರ ಇಡುತ್ತೇನೆ, ಗಾಜನ್ನು ರಬ್ಬರ್ ಪಟ್ಟಿಯಿಂದ ದಿನಾ ಎಳೆದು ತೆಗೆಯುತ್ತೇನೆ. ಮನೆ ಬಿಡುವಾಗ ಬೂಷ್ಟಿಗೆ ಬಾಡಿಗೆದಾರರಿಂದ ದುಡ್ಡು ಕೇಳುವುದು ಇಲ್ಲಿ ಸಾಮಾನ್ಯ.

ಫ್ಯಾನ್ ಹೀಟರಿಗೆ ಕರೆಂಟು ಬೇಕು. ಕರೆಂಟು ಹೋದ ರಾತ್ರಿಗೆಂದು ಬತ್ತಿಯ ಸ್ಟೌ ಒಂದನ್ನು ಇಟ್ಟುಕೊಳ್ಳಿ. ಅದು ಶೆಲ್ಲಿನಿಂದ ಹೊತ್ತಿಕೊಳ್ಳುತ್ತದೆ, ಮೇಲೆ ಕೆಟಲ್ ಇಡಬಹುದು.

ಇನ್ನು ನೀರು. ಚಳಿಗಾಲದಲ್ಲಿ ಕೈ ಸುಡುವ ಖರ್ಚು ಬರುವುದು ಇಲ್ಲಿಂದಲೇ. ಹೊರಗಿನ ಉಷ್ಣತೆ ಸೊನ್ನೆಗಿಂತ 4 ಡಿಗ್ರಿ ಕೆಳಗಿಳಿಯುತ್ತದೆ ಎಂದು ಮುನ್ಸೂಚನೆ ಬಂದ ರಾತ್ರಿ ಕೊಳವೆ ಹೆಪ್ಪುಗಟ್ಟುವ ಸಾಧ್ಯತೆ ಇದೆ ಎಂದೇ ತಿಳಿಯಬೇಕು. ಉತ್ತರ ಗೋಡೆಯ ಕೊಳವೆ, ಗಾಳಿಗೆ ಒಡ್ಡಿಕೊಂಡ ಕೊಳವೆ ಮೊದಲು ಕಟ್ಟುತ್ತವೆ. ಮನೆ ಹಿಡಿಯುವ ದಿನವೇ ಮಾಲೀಕರನ್ನೋ ಏಜೆಂಟರನ್ನೋ ಕರೆದು ನೀರು ಇಳಿಸುವ ಕವಾಟ ಎಲ್ಲಿದೆ ಎಂದು ಕೈಯಿಟ್ಟು ತೋರಿಸಿಕೊಳ್ಳಿ. ಕೆಲವು ಮನೆಗಳಲ್ಲಿ ಅಡುಗೆಮನೆಯ ನೆಲದಲ್ಲಿ ಹಿಡಿ ಇರುತ್ತದೆ, ಕೆಲವೆಡೆ ಅಂಗಳದಲ್ಲಿ. ಅಂಗಳದಲ್ಲಿದ್ದರೆ ಪಕ್ಕದಲ್ಲಿ ಕೋಲು ನೆಡಿ, ಇಲ್ಲದಿದ್ದರೆ ಜನವರಿಯಲ್ಲಿ ಅದು ಎಲ್ಲಿದೆ ಎಂದೇ ತಿಳಿಯದು.

ಎರಡು ಮೂರು ದಿನ ಊರಿಗೆ ಹೋಗುವಾಗ ನಾನು ಮಾಡುವ ಕ್ರಮ ಇದು. ಮೊದಲು ನೀರು ಇಳಿಸುವ ಕವಾಟ ಪೂರ್ತಿ ಮುಚ್ಚುತ್ತೇನೆ; ಆಗ ಬರುವ ನೀರು ನಿಂತು, ಕೊಳವೆಯಲ್ಲಿ ಇದ್ದದ್ದು ನೆಲಕ್ಕೆ ಇಳಿಯುತ್ತದೆ. ಅರ್ಧ ತಿರುಗಿಸಿ ಬಿಟ್ಟರೆ ನೀರು ನೆಲದೊಳಗೆ ಸೋರುತ್ತಲೇ ಇರುತ್ತದೆ, ಬಿಲ್ಲು ಬಂದಾಗಲೇ ಗೊತ್ತಾಗುವುದು. ಆಮೇಲೆ ಮನೆಯ ಎಲ್ಲ ನಲ್ಲಿಗಳನ್ನೂ ತೆರೆಯುತ್ತೇನೆ. ಗಾಳಿ ಒಳಗೆ ಹೋದರೆ ತಾನೇ ನೀರು ಇಳಿಯುವುದು? ಒಂದೇ ಹಿಡಿಯ ನಲ್ಲಿಯಾದರೆ ಬಿಸಿ–ತಣ್ಣೀರಿನ ನಡುವೆ ನಿಲ್ಲಿಸಿ ಎತ್ತಬೇಕು, ಇಲ್ಲವಾದರೆ ಬಿಸಿನೀರಿನ ಕೊಳವೆಯಲ್ಲಿ ನೀರು ಉಳಿಯುತ್ತದೆ. ಸ್ನಾನದ ಶವರ್ ಪೈಪನ್ನು ನೆಲಕ್ಕೆ ಇಳಿಸುತ್ತೇನೆ. ಕಮೋಡಿನ ತೊಟ್ಟಿ ಖಾಲಿ ಮಾಡುತ್ತೇನೆ. ವಾಷಿಂಗ್ ಮಷೀನಿನ ಪೈಪನ್ನು ಬಹುಪಾಲು ಜನ ಮರೆಯುತ್ತಾರೆ. ಅದರ ನಲ್ಲಿ ತೆರೆದಿಟ್ಟು ಮಷೀನನ್ನು ಒಂದು ನಿಮಿಷ ನೀರು ತುಂಬುವ ಸ್ಥಿತಿಯಲ್ಲಿ ಓಡಿಸಿದರೆ ಪೈಪು ಬರಿದಾಗುತ್ತದೆ. ಬಂದ ಮೇಲೆ ಎಲ್ಲ ನಲ್ಲಿ ಮುಚ್ಚಿ, ಕವಾಟವನ್ನು ನಿಧಾನವಾಗಿ ತೆರೆಯಬೇಕು.

ಗ್ಯಾಸ್ ಗೀಸರಿನ ವಿಷಯ ಬೇರೆ. ಗೋಡೆಯ ಹೊರಗಿರುವ ಆ ಪೆಟ್ಟಿಗೆಯೊಳಗೆ ಹೆಪ್ಪುಗಟ್ಟದಂತೆ ಕಾಯುವ ಸಣ್ಣ ಹೀಟರ್ ಇದೆ, ಅದು ನಡೆಯುವುದು ಕರೆಂಟಿನಲ್ಲಿ. ವಿದ್ಯುತ್ ಉಳಿಸಲು ಅದರ ಪ್ಲಗ್ ತೆಗೆಯುವುದು, ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸುವುದು ಕೂಡದು. ನಮ್ಮೂರಿನಲ್ಲಿ ಮನೆ ಬೀಗ ಹಾಕುವಾಗ ಮೇನ್ ಆರಿಸುವ ಒಳ್ಳೆಯ ರೂಢಿ ಇಲ್ಲಿ ಚಳಿಗಾಲದಲ್ಲಿ ನಷ್ಟಕ್ಕೆ ದಾರಿ. ಕೊಳವೆಗೆ ಸುತ್ತಿದ ಶಾಖದ ಪಟ್ಟಿಯ ಪ್ಲಗ್ಗಿಗೂ ಇದೇ ಮಾತು. ಬಾತ್‌ಟಬ್ ನೀರನ್ನು ಗೀಸರೇ ಮತ್ತೆ ಬಿಸಿ ಮಾಡುವ ಮಾದರಿಯಾದರೆ, ಟಬ್ಬಿನೊಳಗಿನ ದುಂಡನೆಯ ಬಾಯಿಗಿಂತ 5 ಸೆಂಟಿಮೀಟರ್ ಮೇಲಿನವರೆಗೆ ನೀರು ಉಳಿಸಿಡಿ. ಚಳಿ ಹೆಚ್ಚಿದಾಗ ಪಂಪು ತಾನಾಗಿ ಆ ನೀರನ್ನು ಸುತ್ತಿಸುತ್ತದೆ. ತೀರಾ ಚಳಿಯ ರಾತ್ರಿ ಗೀಸರಿನ ರಿಮೋಟ್ ಆರಿಸಿ, ಬಿಸಿನೀರಿನ ಬದಿಯ ನಲ್ಲಿಯಿಂದ 4 ಮಿಲಿಮೀಟರ್ ದಪ್ಪದ ಧಾರೆ, ಎಂದರೆ ನಿಮಿಷಕ್ಕೆ 400 ಮಿಲಿಲೀಟರ್, ಹರಿಯಬಿಡಿ. ರಿಮೋಟ್ ಆರಿಸದಿದ್ದರೆ ರಾತ್ರಿಯಿಡೀ ಗ್ಯಾಸ್ ಉರಿದೀತು.

ಇಷ್ಟಾಗಿಯೂ ಕಟ್ಟಿಕೊಂಡರೆ ಕುದಿಯುವ ನೀರು ಸುರಿಯಬೇಡಿ. ಗಾಜಿನ ಲೋಟಕ್ಕೆ ಬಿಸಿನೀರು ಹುಯ್ದ ಹಾಗೆ ಕೊಳವೆ ಸೀಳುತ್ತದೆ. ನಲ್ಲಿಯನ್ನು ತೆರೆದಿಟ್ಟು, ಕೊಳವೆಗೆ ಟವೆಲ್ ಸುತ್ತಿ, ಉಗುರುಬೆಚ್ಚಗಿನ ನೀರನ್ನು ನಲ್ಲಿಯ ತುದಿಯಿಂದ ಹಿಂದಕ್ಕೆ ಸ್ವಲ್ಪಸ್ವಲ್ಪವೇ ಹಾಕುತ್ತ ಬನ್ನಿ. ಗೀಸರಿನೊಳಗೆ ಕಟ್ಟಿದ್ದರೆ ಬಿಸಿಲೇರುವವರೆಗೆ ಕಾಯುವುದೇ ಲೇಸು.

ಹೊರಗಡೆ ಹಿಮದ ಕೆಲಸಕ್ಕೆ ಎರಡು ಉಪಕರಣ ಸಾಕು: ಗಟ್ಟಿ ಹಿಮ ಕಡಿಯಲು ಅಲ್ಯುಮಿನಿಯಂ ಸಲಿಕೆ, ರಾಶಿ ತಳ್ಳಲು ದೊಡ್ಡ ಬಾಯಿಯ ‘ಸ್ನೋ ಡಂಪ್’. ಒದ್ದೆ ಹಿಮ ತಗಡಿಗೆ ಅಂಟದಂತೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತೇನೆ, ಮನೆಯಾಚೆಗೆ ನಿಂತು. ನಾಗಾವೊಕಾದ ಎಷ್ಟೋ ಬೀದಿಗಳ ನಡುವೆ ಅಂತರ್ಜಲ ಚಿಮ್ಮಿಸಿ ಹಿಮ ಕರಗಿಸುವ ಕೊಳವೆಗಳಿವೆ. ಈ ಪದ್ಧತಿ ಹುಟ್ಟಿದ್ದೇ ಈ ಊರಿನಲ್ಲಿ. ನೀರಿನ ಕಬ್ಬಿಣದಿಂದ ರಸ್ತೆಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿವೆ. ಅಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲುವುದರಿಂದ ಮೊಣಕಾಲುದ್ದದ ರಬ್ಬರ್ ಬೂಟು ಬೇಕು, ಚರ್ಮದ ಬೂಟು ಉಪಯೋಗವಿಲ್ಲ. ಕೊಳವೆ ಇಲ್ಲದ ಬೀದಿಗೆ ಬೆಳಗಿನ ಜಾವ ಹಿಮ ತಳ್ಳುವ ಗಾಡಿ ಬಂದು ಹಿಮವನ್ನು ನಿಮ್ಮ ಗೇಟಿನ ಮುಂದೆ ಗೋಡೆಯಾಗಿ ಒಟ್ಟಿ ಹೋಗುತ್ತದೆ. ಅದು ಗಟ್ಟಿಯಾಗುವ ಮುಂಚೆ ತೆಗೆಯಿರಿ. ತೆಗೆದ ಹಿಮವನ್ನು ರಸ್ತೆಗಾಗಲಿ ಪಕ್ಕದವರ ಕಡೆಗಾಗಲಿ ಎಸೆಯಬಾರದು. ಎಲ್ಲಿ ಒಟ್ಟಬೇಕು, ಹಿಮ ಸಾಗಿಸುವ ಕಾಲುವೆ ಇದ್ದರೆ ನಿಮ್ಮ ಸಾಲಿಗೆ ಯಾವ ಹೊತ್ತು ಎಂಬುದನ್ನು ಮೊಹಲ್ಲಾ ಸಂಘದವರೇ ಹೇಳುತ್ತಾರೆ. ಮನೆಯಿಂದ ಮನೆಗೆ ಸುತ್ತುವ ಸುತ್ತೋಲೆಯ ಹಲಗೆಯನ್ನು ಓದದೆ ದಾಟಿಸಬೇಡಿ.

ಮಾಡಿನ ಹಿಮದ ಬಗ್ಗೆ ನನ್ನ ನಿಲುವು ಖಡಾಖಂಡಿತ: ಹೊಸಬರು ಹತ್ತಕೂಡದು. ಕೂತು ಗಟ್ಟಿಯಾದ ಹಿಮ ಘನಮೀಟರಿಗೆ 300 ಕಿಲೋದಷ್ಟು ತೂಗುತ್ತದೆ. 50 ಚದರ ಮೀಟರ್ ಮಾಡಿನ ಮೇಲೆ ಒಂದು ಮೀಟರ್ ನಿಂತರೆ 15 ಟನ್. ಇಳಿಸುವುದು ಅಗತ್ಯ ನಿಜ, ಆದರೆ ಹೆಲ್ಮೆಟ್ಟು, ಹಗ್ಗ, ಕಟ್ಟಿದ ಏಣಿ, ಕೆಳಗೊಬ್ಬರು ಇಲ್ಲದೆ ಊರಿನ ಹಿರಿಯರೇ ಬಿದ್ದು ಸಾಯುತ್ತಾರೆ. ಅದು ಯಾರ ಜವಾಬ್ದಾರಿ, ಖರ್ಚು ಯಾರದು ಎಂದು ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಕೇಳಿ. ಸೂರಿನ ಕೆಳಗೆ ನಿಲ್ಲಬೇಡಿ. ಗೀಸರಿನ ಹೊಗೆಬಾಯಿ, ಗ್ಯಾಸ್ ಸಿಲಿಂಡರು, ಮೀಟರು ಹಿಮದಲ್ಲಿ ಮುಚ್ಚಿಹೋಗದಂತೆ ದಿನವೂ ಬಿಡಿಸಿಡಿ. ಮಾಡಿನಿಂದ ಜಾರಿದ ಹಿಮ ಗ್ಯಾಸಿನ ಕೊಳವೆಯನ್ನೇ ಮುರಿಯಬಲ್ಲದು. ವಾಸನೆ ಬಂದರೆ ಸಿಲಿಂಡರ್ ಕವಾಟ ಮುಚ್ಚಿ, ಅದರ ಮೇಲೆ ಬರೆದಿರುವ ಅಂಗಡಿಯ ನಂಬರಿಗೆ ಫೋನ್ ಮಾಡಿ.

ಕಾರಿಗೆ ನವೆಂಬರಿನಲ್ಲೇ ಚಳಿಗಾಲದ ಟೈರು. ತೋಡಿನಲ್ಲಿ ಅರ್ಧ ಸವೆತದ ಗುರುತು ಮೇಲೆದ್ದಿದ್ದರೆ ಅದು ಹಿಮಕ್ಕೆ ಬಾರದು. ಹಾಕಿಸಿ 100 ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿ ಮಾಡಿಸಿ. ರಾತ್ರಿ ನಿಲ್ಲಿಸುವಾಗ ವೈಪರ್ ಎತ್ತಿಡಿ, ಹ್ಯಾಂಡ್‌ಬ್ರೇಕ್ ಹಾಕದೆ ಪಾರ್ಕಿಂಗ್ ಗೇರಿನಲ್ಲಿ ಬಿಡಿ. 2020ರ ಡಿಸೆಂಬರಿನಲ್ಲಿ ಕಾನ್-ಎತ್ಸು ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಸಾವಿರದಷ್ಟು ವಾಹನಗಳು ಹಿಮದಲ್ಲಿ ಸಿಕ್ಕಿಬಿದ್ದಿದ್ದವು. ಕಾರಿನಲ್ಲಿ ಸಲಿಕೆ, ಕಂಬಳಿ, ನೀರು, ತಿನ್ನಲು ಏನಾದರೂ ಇರಲಿ. ಸಿಕ್ಕಿಕೊಂಡರೆ ಎಂಜಿನ್ ಆರಿಸಿ. ಹಚ್ಚಲೇಬೇಕಾದರೆ ಸೈಲೆನ್ಸರ್ ಸುತ್ತಲಿನ ಹಿಮ ತೆಗೆದ ಮೇಲೆಯೇ ಹಚ್ಚಿ, ಇಲ್ಲವಾದರೆ ಹೊಗೆ ಒಳಗೆ ತುಂಬಿ ಪ್ರಾಣ ಹೋಗುತ್ತದೆ. ಊರಿನ ಆರ್‌ಟಿಒದಿಂದ ತಂದ ಅಂತರರಾಷ್ಟ್ರೀಯ ಲೈಸೆನ್ಸ್ ಜಪಾನಿಗೆ ಇಳಿದ ದಿನದಿಂದ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತದೆ. ಜಪಾನಿ ಲೈಸೆನ್ಸಿಗೆ ಬದಲಿಸಲು ನಮಗೆ ಬರಹದ ಪರೀಕ್ಷೆಯೂ ಓಡಿಸುವ ಪರೀಕ್ಷೆಯೂ ಉಂಟು. ಬರಹದ್ದು 2025ರ ಅಕ್ಟೋಬರ್‌ನಿಂದ 50 ಪ್ರಶ್ನೆ, 45 ಸರಿಯಿರಬೇಕು. ಬೇಸಿಗೆಯಲ್ಲೇ ಮುಗಿಸಿಕೊಳ್ಳಿ.

ಅಡುಗೆಮನೆಯ ಮಾತು ಬಿಡುವ ಹಾಗಿಲ್ಲ. ಎಂಟು ಡಿಗ್ರಿಯ ಅಡುಗೆಮನೆಯಲ್ಲಿ ದೋಸೆ ಹಿಟ್ಟು ಹುಳಿ ಬರುವುದಿಲ್ಲ. ರೈಸ್ ಕುಕ್ಕರಿನ ಬೆಚ್ಚಗಿಡುವ ಗುಂಡಿ ಒತ್ತಿದರೆ ಶಾಖ ಹೆಚ್ಚಾಗಿ ಹಿಟ್ಟು ಬೆಂದಂತಾಗುತ್ತದೆ. ಇಲ್ಲಿನ ಎಷ್ಟೋ ಓವನ್‌ಗಳಲ್ಲಿ ಬ್ರೆಡ್ಡಿಗಾಗಿ ಹುದುಗು ಬರಿಸುವ ವ್ಯವಸ್ಥೆ ಇರುತ್ತದೆ. 30 ಡಿಗ್ರಿಗೆ ಇಟ್ಟು, ಸಮಯ ಮುಗಿದಂತೆ ಮತ್ತೆ ಹಚ್ಚುತ್ತ ಹೋಗಬಹುದು. ನಾನು ಹೆಚ್ಚಾಗಿ ಮಾಡುವುದು ಇನ್ನೂ ಸುಲಭ: ಮೀನಿನಂಗಡಿಯ ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ‘ಯುತಾಂಪೊ’, ಪಕ್ಕದಲ್ಲಿ ತಾಗದಂತೆ ಹಿಟ್ಟಿನ ಪಾತ್ರೆ. ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ. ಊರಿನಿಂದ ತಂದ 750 ವ್ಯಾಟಿನ ಮಿಕ್ಸಿಗೆ 100 ವೋಲ್ಟ್ ಸಾಲದು, 1500 ವಿಎ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಕೊಳ್ಳಿ. ನಾಗಾವೊಕಾದ ವಿದ್ಯುತ್ತು ನಮ್ಮಂತೆಯೇ 50 ಹರ್ಟ್ಸ್. 30 ಆಂಪಿಯರ್ ಮನೆಯಲ್ಲಿ ಒಟ್ಟು 3000 ವ್ಯಾಟ್ ಮಾತ್ರ. ಮಿಕ್ಸಿ ಓಡುವಾಗ ಮೈಕ್ರೋವೇವ್, ಕೆಟಲ್ ಎರಡನ್ನೂ ಹಚ್ಚಿದರೆ ಬ್ರೇಕರ್ ಬೀಳುತ್ತದೆ.

ಮಾರ್ಚ್ ಬಂದ ಮೇಲೆ ಸೀಮೆಎಣ್ಣೆಯನ್ನು ಅರ್ಧರ್ಧ ಕ್ಯಾನ್ ಮಾತ್ರ ತರುತ್ತೇನೆ, ಏಪ್ರಿಲ್ ಹೊತ್ತಿಗೆ ಉಳಿಯದಂತೆ. ಉಳಿದರೆ ಬಚ್ಚಲಿಗೂ ಮಣ್ಣಿಗೂ ಸುರಿಯದೆ ಬಂಕಿಗೆ ಒಯ್ದು ಕೇಳಬೇಕು. ಹೀಟರಿನ ತೊಟ್ಟಿಯ ತಳದಲ್ಲಿ ನಿಂತ ಎಣ್ಣೆಯನ್ನು ಸಣ್ಣ ಪಿಚಕಾರಿಯಿಂದ ಎಳೆದು, ಜಾಲರಿ ಒರೆಸಿ, ಗಾಳಿ ಎಳೆಯುವ ಹಿಂಬದಿಯ ಧೂಳು ತೆಗೆದು ಕಟ್ಟಿಡಿ. ಶಾಖದ ಪಟ್ಟಿಯ ಪ್ಲಗ್ಗನ್ನು ಕೀಳುವುದು ಏಪ್ರಿಲ್ ನಡುವೆ, ಟೈರು ಬದಲಿಸುವ ವಾರದಲ್ಲಿ.