ತಪ್ಪಿದ ಗುಂಡಿಗೂ ಬೆಲೆ ಬರುವಂತೆ ಮಾಡಿದ್ದು ಹೀಗೆ

ಕವರ್ ಫೈರ್, ಅಂದರೆ ಶತ್ರು ತಲೆ ಎತ್ತದಂತೆ ಅವನತ್ತ ಗುಂಡು ಹಾರಿಸುತ್ತ ಜೊತೆಗಾರನಿಗೆ ದಾರಿ ಮಾಡಿಕೊಡುವುದು, ನಮ್ಮ ಹುಡುಗರ ಆಟಕ್ಕೆ ಆಗಿಬರುವುದಿಲ್ಲ ಎಂದು ಬೆಳಗಾವಿಯ ಟಿಳಕವಾಡಿಯ ಕೆಫೆಯಲ್ಲಿ ನನಗೆ ಬುದ್ಧಿ ಹೇಳದವರೇ ಇಲ್ಲ. ಆಟ ಕಟ್ಟುವ ತಂತ್ರಾಂಶವಾದ ಗೊಡಾಟ್ 4ರಲ್ಲಿ ನಾಲ್ಕೈದು ಜನ ಸೇರಿ ಎಂಟೆಂಟು ಆಟಗಾರರ ಎರಡು ತಂಡಗಳ ಬಂದೂಕಿನ ಆಟ ಕಟ್ಟುತ್ತಿದ್ದೆವು. ಎಲ್ಲರೂ ಕೌಂಟರ್ ಸ್ಟ್ರೈಕ್ ಆಡಿಯೇ ಬೆಳೆದವರು. ತಾಗಿದ ಗುಂಡಿಗೆ ಲೆಕ್ಕ ಸರಿ, ತಪ್ಪಿದ ಗುಂಡಿಗೇಕೆ ಬಹುಮಾನ ಎಂಬುದು ಅವರ ವಾದ. ಅದು ಸುಳ್ಳಲ್ಲ. 2011ರ ಬ್ಯಾಟಲ್‌ಫೀಲ್ಡ್ 3 ಆಟದಲ್ಲಿ ಗುಂಡು ಪಕ್ಕದಲ್ಲಿ ಹಾದರೆ ಪರದೆ ಮಸುಕಾಗುತ್ತಿತ್ತು, ಬಂದೂಕಿನ ಗುರಿಯೂ ಚದುರುತ್ತಿತ್ತು. ಅದನ್ನು ಬೈದವರೆಷ್ಟೋ ಜನ.

ನಾನು ಮೊದಲು ಕೂರಿಸಿದ್ದೂ ಅದನ್ನೇ. ಒಂದೇ ಸಂಜೆಯಲ್ಲಿ ಜಗಳವಾಯಿತು. ಶತ್ರುವಿನ ತಲೆಯ ಮೇಲೆ ನೇರವಾಗಿ ಗುರಿಯಿಟ್ಟವನ ಗುಂಡು ಎಲ್ಲೋ ಹೋಗುತ್ತದೆ, ಕಣ್ಣುಮುಚ್ಚಿ ಮಷಿನ್ ಗನ್ ಒತ್ತಿದವನು ಗೆಲ್ಲುತ್ತಾನೆ. ಚದುರುವುದನ್ನು ತೆಗೆದು ಮಸುಕನ್ನಷ್ಟೇ ಉಳಿಸಿದೆ. ಕೆಫೆಯ ಹಳೆಯ ಗ್ರಾಫಿಕ್ಸ್ ಕಾರ್ಡುಗಳಲ್ಲಿ ಸೆಕೆಂಡಿಗೆ ಅರವತ್ತಿದ್ದ ಫ್ರೇಮ್ ಮೂವತ್ತೈದರ ಆಸುಪಾಸಿಗೆ ಇಳಿಯಿತು. ಜಾಣರು ಸೆಟ್ಟಿಂಗ್‌ನಲ್ಲಿ ಎಫೆಕ್ಟ್ ಆಫ್ ಮಾಡಿಕೊಂಡು ಹಾಯಾಗಿ ಆಡಿದರು, ಆಫ್ ಮಾಡದವರಿಗೆ ತಲೆನೋವು. ಮಸುಕು ಪ್ರಾಮಾಣಿಕನಿಗೆ ಮಾತ್ರ ಬೀಳುವ ದಂಡ. ಅಂದಿನಿಂದ ಅದನ್ನು ಮುಟ್ಟಿಲ್ಲ.

ಲೆಕ್ಕದ ಕಡೆಯ ತೊಂದರೆಗಳು ಬೇರೆ. ಸೆಕೆಂಡಿಗೆ 700 ಮೀಟರ್ ಓಡುವ ಗುಂಡು 60 ಟಿಕ್‌ನ, ಅಂದರೆ ಸೆಕೆಂಡಿಗೆ 60 ಸಲ ಲೆಕ್ಕ ಹಾಕುವ ಸರ್ವರ್‌ನಲ್ಲಿ ಒಂದೊಂದು ಟಿಕ್‌ಗೆ ಹನ್ನೆರಡು ಮೀಟರ್ ಜಿಗಿಯುತ್ತದೆ. ಗುಂಡು ನಿಂತ ಬಿಂದುವಿನಿಂದ ತಲೆಗೆ ಎಷ್ಟು ದೂರ ಎಂದು ಅಳೆದರೆ ಕಿವಿ ಸವರಿ ಹೋದದ್ದೂ ಸಿಗುವುದಿಲ್ಲ. ಎರಡು ಟಿಕ್‌ಗಳ ನಡುವಿನ ಗೆರೆಯ ಮೇಲೆ ತಲೆಗೆ ಅತಿ ಹತ್ತಿರದ ಬಿಂದುವನ್ನೇ ಹಿಡಿಯಬೇಕು. ಆ ಬಿಂದುವಿನಿಂದ ತಲೆಗೆ ಲೆಕ್ಕದ ಇನ್ನೊಂದು ಗೆರೆ ಎಳೆದು ನಡುವೆ ಗೋಡೆ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬೀದಿಯಲ್ಲಿ ಹಾರಿದ ಗುಂಡಿಗೆ ಮನೆಯೊಳಗೆ ಕುಳಿತವನು ನಡುಗುತ್ತಾನೆ. ತಲೆಯ ಸುತ್ತ ಎರಡೂವರೆ ಮೀಟರ್ ತ್ರಿಜ್ಯ ಇಟ್ಟಾಗ ಎಲ್ಲರೂ ಆಕಾಶಕ್ಕೆ ಹೊಡೆದು ಅಂಕ ಗಳಿಸಿದರು. ಈಗ ಒಂದೂಕಾಲು ಮೀಟರ್ ಇರಬೇಕು. ಶಾಟ್‌ಗನ್ನಿನದು ತಮಾಷೆ: ಒಂದೊಂದು ಚರೆಯನ್ನೂ ಸರ್ವರ್ ಒಂದೊಂದು ಗುಂಡು ಎಂದು ಎಣಿಸಿದ್ದರಿಂದ ಒಂದೇ ಏಟಿಗೆ ಎದುರಾಳಿಯ ಒತ್ತಡದ ಮೀಟರ್ (ಹತ್ತಿರ ಹಾದ ಗುಂಡುಗಳಿಂದ ಏರುವ ಅಳತೆಪಟ್ಟಿ) ತುಂಬಿಬಿಡುತ್ತಿತ್ತು. ಒಂದು ವಾರ ಊರೆಲ್ಲ ಶಾಟ್‌ಗನ್ನೇ ಆಡಿತು.

ಹಣದ ವಿಷಯ. ಹತ್ತು ಕಂಪ್ಯೂಟರುಗಳನ್ನು ಬೆಳಗಿನ ಹೊತ್ತು ಅರ್ಧ ದರಕ್ಕೆ, ಗಂಟೆಗೆ ಇಪ್ಪತ್ತು ರೂಪಾಯಿಯಂತೆ ಹಿಡಿದಿದ್ದೆ. ಸರ್ವರ್ ಬಾಡಿಗೆ ತಿಂಗಳಿಗೆ ಸಾವಿರದ ಹತ್ತಿರ. ಹುಡುಗರ ಚಹಾ, ಮಿಸಳ್ ಸೇರಿಸಿದರೆ ಅರವತ್ತು ಸಾವಿರ ದಾಟಿರಬಹುದು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಮೂರು ಸಾವಿರ ಕೊಟ್ಟು ತಂದ ಶಬ್ದಗಳ ಕಟ್ಟು. ಗುಂಡು ಪಕ್ಕದಲ್ಲಿ ಹಾದಾಗ ಸೊಳ್ಳೆ ಗುಂಯ್ಗುಟ್ಟಿದಂತಿತ್ತು, ಯಾರೂ ಹೆದರಲಿಲ್ಲ.

ಶಬ್ದಕ್ಕಿಂತ ವೇಗದ ಗುಂಡು ಹಾದಾಗ ಕೇಳುವುದು 'ಛಟ್' ಎಂಬ ಸೀಳು ಸದ್ದು. ಚಾವಟಿಯ ತುದಿ ಸಿಡಿಯುವುದೂ ಅದೇ ಕಾರಣಕ್ಕೆ. ಜೋಳ ಹಾಲುಗಾಳಾಗಿದ್ದ ಹೊತ್ತಿಗೆ, ಡೋಣಿ ನದಿಯ ದಂಡೆಯಲ್ಲಿರುವ ಸೋದರಮಾವನ ಎರೆ ಹೊಲಕ್ಕೆ ಹೋದೆ. ಮದುವೆ ವಿಡಿಯೊ ಮಾಡುವ ಗೆಳೆಯನ ರೆಕಾರ್ಡರ್ ಜೊತೆಗಿತ್ತು. ಹಕ್ಕಿ ಕಾಯುವ ಹುಡುಗ ಅಟ್ಟಣಿಗೆಯ ಮೇಲಿಂದ ಕವಣೆ ಬೀಸಿದಾಗ ಬಿಟ್ಟ ಹಗ್ಗದ ತುದಿ ಸಿಡಿಯುವ ಸದ್ದನ್ನು ಹಿಡಿದೆ. "ಅಳಿಯಾ, ಇದಕ್ಕಾಗಿ ಬೆಳಗಾವಿಯಿಂದ ಬಂದೆಯಾ?" ಎಂದು ಮಾವ ನಕ್ಕರು. ಆಟದಲ್ಲಿ ಕೇಳುವುದು ಆ ಕವಣೆಯೇ. ಅದರ ಹಿಂದೆ ಬಂದೂಕಿನ 'ಧಡ್' ತಡವಾಗಿ ಬರಬೇಕು: ಇನ್ನೂರು ಮೀಟರ್ ದೂರದಿಂದ ಹೊಡೆದರೆ ಗುಂಡು 0.3 ಸೆಕೆಂಡಿಗೆ, ಸದ್ದು 0.6 ಸೆಕೆಂಡಿಗೆ ತಲುಪುತ್ತದೆ. ಈ ಅಂತರ ಕೂರಿಸಿದ ಮೇಲೆ ಹುಡುಗರು ಕಿವಿಯಿಂದಲೇ ದೂರ ಅಂದಾಜು ಮಾಡತೊಡಗಿದರು. ಒಂದು ಎಚ್ಚರಿಕೆ: ಸೀಳು ಸದ್ದನ್ನು ಆಟಗಾರನ ಕಂಪ್ಯೂಟರೇ ನುಡಿಸಲಿ, ಒತ್ತಡದ ಮೀಟರಿನ ಲೆಕ್ಕ ಸರ್ವರ್‌ನಲ್ಲಿರಲಿ. ಸದ್ದಿಗೂ ಸರ್ವರನ್ನೇ ಕಾದರೆ ನಿಧಾನದ ನೆಟ್‌ನಲ್ಲಿ ಸತ್ತ ಮೇಲೆ ಕೇಳಿಸುತ್ತದೆ.

ನಿಜವಾದ ತಿರುವು ಸಿಕ್ಕಿದ್ದು ಸೈನ್ಯದಿಂದ ನಿವೃತ್ತರಾದ, ನಮ್ಮ ಗಲ್ಲಿಯ ಹವಾಲ್ದಾರ್ ಕಾಕಾ ಅವರಿಂದ. ಮರಾಠಾ ಲೈಟ್ ಇನ್‌ಫೆಂಟ್ರಿಯ ಕೇಂದ್ರವಿರುವ ಊರಿದು, ಇಂಥ ಕಾಕಾಗಳಿಗೆ ಕೊರತೆಯಿಲ್ಲ. ನಮ್ಮ ಆಟ ನೋಡಿ, "ಪೂರಾ ಬೆಲ್ಟ್ ಒಮ್ಮೆಗೇ ಏಕೆ ಸುಡುತ್ತೀರಿ? ಮೂರ್ನಾಲ್ಕು ಗುಂಡು ಹೊಡಿ, ನಿಲ್ಲಿಸು, ಮತ್ತೆ ಹೊಡಿ. ಅಷ್ಟರಲ್ಲಿ ನಿನ್ನವನು ಜಾಗ ಬದಲಿಸಲಿ" ಎಂದರು. ಅದನ್ನೇ ಲೆಕ್ಕಕ್ಕೆ ಇಳಿಸಿದೆ. ಒಂದು ಬರ್ಸ್ಟ್‌ನ, ಅಂದರೆ ನಿಲ್ಲಿಸದೆ ಹೊಡೆದ ಗುಂಡುಗಳ ಸಾಲಿನ, ಮೊದಲ ಮೂರು ಗುಂಡುಗಳು ಮೀಟರನ್ನು ಚೆನ್ನಾಗಿ ಏರಿಸುತ್ತವೆ, ನಾಲ್ಕನೆಯದರಿಂದ ಮುಂದೆ ಹೆಚ್ಚುಕಡಿಮೆ ಸೊನ್ನೆ. ಕೊನೆಯ ಗುಂಡಿನ ನಂತರ ಮುಕ್ಕಾಲು ಸೆಕೆಂಡ್ ಮೀಟರ್ ಹಾಗೇ ನಿಂತು, ಆಮೇಲೆ ಇಳಿಯುತ್ತದೆ. ಒತ್ತಿ ಹಿಡಿದವನ ನಳಿಗೆ ಬಿಸಿಯಾಗುತ್ತದೆ, ಮ್ಯಾಗಜೀನ್ ಬರಿದಾಗುತ್ತದೆ. ತಾಳ ಹಿಡಿದು ಹೊಡೆದವನು ಒಬ್ಬನೇ ಇಬ್ಬರನ್ನು ಕಟ್ಟಿಹಾಕುತ್ತಾನೆ.

ಒತ್ತಡಕ್ಕೆ ಸಿಕ್ಕಿಬಿದ್ದವನ ಬಂದೂಕಿನ ಗುರಿಯನ್ನು ನಾನು ಚದುರಿಸುವುದಿಲ್ಲ. ಅವನು ಸ್ಕೋಪ್‌ನಲ್ಲಿ ಗುರಿ ನಿಲ್ಲಿಸಲು ಉಸಿರು ಬಿಗಿಹಿಡಿಯಲಾರ. ಗಾಯಕ್ಕೆ ಪಟ್ಟಿ ಕಟ್ಟಿಕೊಳ್ಳಲು ಎರಡರಷ್ಟು ಸಮಯ ಬೇಕು. ಬಂದೂಕು ತೂಗಾಡುತ್ತದೆ, ಆದರೆ ಯಾವಾಗಲೂ ಒಂದೇ ವಿನ್ಯಾಸದಲ್ಲಿ. ಕಲಿತವನು ಆ ತೂಗಾಟದ ನಡುವೆಯೂ ಹೊಡೆಯಬಲ್ಲ. ಅದೃಷ್ಟದ ಮಾತೇ ಇಲ್ಲದ್ದರಿಂದ ಜಗಳ ನಿಂತಿತು. ಒತ್ತಡದಲ್ಲಿರುವವನನ್ನು ಜೊತೆಗಾರ ಹೊಡೆದರೆ ಮಷಿನ್ ಗನ್ನಿನವನಿಗೂ ಅರ್ಧ ಅಂಕ. ಸೈಲೆನ್ಸರ್ ಹಾಕಿದ ಬಂದೂಕಿಗೆ ಏನು ಮಾಡಿದೆ, ಮೀಟರ್ ಇಳಿಯುವ ವಕ್ರರೇಖೆ ಹೇಗಿದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎರಡು ಕೆಫೆಗಳು ತಿಂಗಳ ಬಾಡಿಗೆ ಕೊಟ್ಟು ಆಡಿಸುತ್ತಿವೆ, ಅನ್ನದ ಪ್ರಶ್ನೆ.

ನಮ್ಮ ಕೋಟೆ ನಕ್ಷೆಯಲ್ಲಿ ಕಂದಕ ದಾಟಿ ನುಗ್ಗುವ ತಂಡ ಮೊದಲು ಹತ್ತರಲ್ಲಿ ಎರಡು ಪಂದ್ಯ ಗೆದ್ದರೆ ಹೆಚ್ಚು. ಈಗ ನಾಲ್ಕೈದು ಗೆಲ್ಲುತ್ತದೆ. ಒಂದು ಕಿಲೋ ಕುಂದಾ ಪಣ ಕಟ್ಟಿ ನನ್ನನ್ನು ಹೀಯಾಳಿಸಿದವನು ಇಂದು ಮಷಿನ್ ಗನ್ ಬಿಟ್ಟು ಬೇರೇನೂ ಹಿಡಿಯುವುದಿಲ್ಲ. ಕುಂದಾ ವಸೂಲಾಗಿದೆ.

ಸದ್ಯ ಮೊಬೈಲ್ ಆವೃತ್ತಿಯಲ್ಲಿ ಸಿಕ್ಕಿಕೊಂಡಿದ್ದೇನೆ. ಹೆಡ್‌ಫೋನ್ ಇಲ್ಲದೆ ಆಡುವವರಿಗೆ ಗುಂಡು ಬಂದ ದಿಕ್ಕು ತಿಳಿಯುವುದಿಲ್ಲ. ಫೋನನ್ನು ಕಂಪಿಸಿ ನೋಡಿದೆ, ಬ್ಯಾಟರಿ ಬೇಗ ಇಳಿಯಿತು, ಮೇಲಾಗಿ ಎಡ ಬಲ ಎರಡೂ ಒಂದೇ ಥರ ನಡುಗಿದವು. ಪರದೆಯ ಅಂಚಿನಲ್ಲಿ ತೆಳುವಾದ ಕಪ್ಪು ಪಟ್ಟಿ ಮೂಡಿಸುವ ಪ್ರಯೋಗ ನಡೆದಿದೆ.